ಪಾರ್ಕಿನಲ್ಲಿ ಶೂ ಅಂಗಡಿ

ಟೊಲೆಡೊದ ನಮ್ಮ ಹಳೆಯ ಮಾಲ್ ಮುಚ್ಚುವವರೆಗೆ, ಅಂಗಡಿಗಳು ತೆರೆಯುವ ಮುನ್ನ ನಾವು ಮುದುಕರೆಲ್ಲ ಅದರೊಳಗೇ ಬೆಳಗಿನ ನಡಿಗೆ ಮುಗಿಸುತ್ತಿದ್ದೆವು. ನಮ್ಮ ಗುಂಪಿನ ಡೆಲ್ಬರ್ಟ್ ಕಣ್ಣು ಪೂರ್ತಿ ಮಂಜಾಗಿದ್ದರೂ ಅಲ್ಲಿ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಶೂ ಅಂಗಡಿಯ ಚರ್ಮದ ವಾಸನೆ ಬಂದರೆ ಎಡಕ್ಕೆ, ಕಾರಂಜಿಯ ಸದ್ದು ಕೇಳಿದರೆ ಬಲಕ್ಕೆ ತಿರುಗುತ್ತಿದ್ದ.

ಮಾಲ್ ಮುಚ್ಚಿದ ಮೇಲೆ ಹಳೆಪೇಟೆಯಲ್ಲಿ ನಡೆಯೋಣವೆಂದರೆ ಅಲ್ಲಿನ ಇಟ್ಟಿಗೆ ಹಾದಿಯಲ್ಲಿ ಎಡವುವ ಭಯವಿತ್ತು. ಹಾಗಾಗಿ ಇವತ್ತು ಪಾರ್ಕಿಗೆ ಬಂದೆವು. ನಾನು ಅವನ ತೋಳು ಹಿಡಿದೆ.

"ಬಿಡು ಮಾರಾಯ್ತಿ, ನಾನೇನು ನಿನ್ನ ಕೈಚೀಲಾನಾ?" ಎಂದು ಕೊಸರಿಕೊಂಡ. ಸ್ವಲ್ಪ ದೂರ ಹೋಗುವಷ್ಟರಲ್ಲಿ ದಾರಿ ತಪ್ಪಿ ಹುಲ್ಲಿಗಿಳಿದು ನಿಂತುಬಿಟ್ಟ. "ನಾಳೆಯಿಂದ ನಾನು ಬರಲ್ಲ, ಅರ್ಲೀನ್."

ಏನಾದರೂ ಹೇಳಿದರೆ ಅವನನ್ನು ಮಗುವಿನಂತೆ ಕಂಡ ಹಾಗಾಗುತ್ತದೇನೋ ಎಂದು ಅಳುಕಿದೆ. ಆದರೂ ಕೇಳಿದೆ: "ಪೈನ್ ಮರದ ವಾಸನೆ ಬರ್ತಿದೆಯಾ? ಅದನ್ನೇ ಶೂ ಅಂಗಡಿ ಅಂದ್ಕೋ."

ಅವನು ಮೂಗೆತ್ತಿದ. "ಮತ್ತೆ ಆ ಬಾತುಕೋಳಿಗಳ ಗಲಾಟೆ?"

"ಅದು ಕಾರಂಜಿ."

"ಕಾಫಿ ಅಂಗಡಿ ಎಲ್ಲಿ?"

"ನನ್ನ ಫ್ಲಾಸ್ಕಲ್ಲಿದೆ. ಮೊದಲು ನಡಿ."

ಅವನು ನಕ್ಕು ಹಾದಿಗೆ ಹತ್ತಿದ. ಪೈನ್ ಮರದ ಬಳಿ ತಾನಾಗಿಯೇ ಎಡಕ್ಕೆ ಹೊರಳಿದ. ನಾನು ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡು ಅವನ ಹಿಂದೆ ನಡೆದೆ.