ಇಟ್ಟಿಗೆಯ ಹಿಂದಿನ ಜಾಗ

ನೀರಿನ ಬಾಟಲಿ ಮತ್ತೆ ಉರುಳಿತು, ಗಾಳಿ ಅಷ್ಟೇನೂ ಇಲ್ಲ, ಬಾಟಲಿಯಲ್ಲಿ ನೀರೂ ಇಲ್ಲ, ಎದ್ದು ನಿಲ್ಲಿಸುತ್ತೇನೆ, ಇದು ಮೂರನೆಯ ಸಲ, ನನ್ನದಲ್ಲ ಅದು, ಸಾಲಿನಲ್ಲಿ ಐದನೆಯವರದು, ಅವರು ಯಾರೋ, ಕ್ಲಾಸಿಗೆ ಹೋಗಿರಬೇಕು — ಇಲ್ಲಿ ಹೀಗೇ, ರಂಗಮಂದಿರದ ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ, ಆ ದಿನ ಮಾರಾಟವಾಗದೆ ಉಳಿದ ಸೀಟುಗಳನ್ನು ಆಟಕ್ಕೆ ಎರಡು ಗಂಟೆ ಮೊದಲು ವಿದ್ಯಾರ್ಥಿಗಳಿಗೆ ಕಾಲು ಬೆಲೆಗೆ ಕೊಡುತ್ತಾರೆ, ಒಂದು ಕಾರ್ಡಿಗೆ ಒಂದೇ ಟಿಕೆಟ್ಟು, ಮಧ್ಯಾಹ್ನದಿಂದಲೇ ಸಾಲು, ಆದರೆ ಮನುಷ್ಯರ ಸಾಲಲ್ಲ, ಸಾಮಾನುಗಳ ಸಾಲು. ಬ್ಯಾಗು, ಹೆಲ್ಮೆಟ್ಟು, ಒಂಟಿ ಚಪ್ಪಲಿ (ಇನ್ನೊಂದನ್ನು ಮೆಟ್ಟಿಕೊಂಡು ಮಹಾರಾಯ ಎಲ್ಲಿಗೆ ಹೋದನೋ), ದಪ್ಪ ಪುಸ್ತಕ, ಬಾಟಲಿ, ಛತ್ರಿ, ಹೀಗೆ ಗೋಡೆಯುದ್ದಕ್ಕೂ, ಕೊನೆಯಲ್ಲಿ ಒಂದು ಇಟ್ಟಿಗೆ, ಇಟ್ಟಿಗೆಯ ಹಿಂದೆ ನನ್ನ ಊಟದ ಚೀಲ, ಚೀಲದ ಹಿಂದೆ ನಾನು. ಕಿಟಕಿಯ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದೆ, ಇಂದು ಹದಿನಾರು. ಇಟ್ಟಿಗೆ ಹದಿನಾರನೆಯದು. ಮೂರು ಸಲ ಎಣಿಸಿದೆ. ಕಿಟಕಿಯಿಂದ ಈ ಕಡೆಗೆ, ಈ ಕಡೆಯಿಂದ ಕಿಟಕಿಗೆ, ಮತ್ತೆ ಕಣ್ಣು ಮುಚ್ಚಿಕೊಂಡು. ಹದಿನೇಳು ನಾನೇ. ಇವತ್ತು ಕೊನೆಯ ಪ್ರದರ್ಶನ.

ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ, ಅದೇ ನನಗೆ ಸೋಜಿಗ. ಇಪ್ಪತ್ತು ದಿನದಿಂದ ಬಸ್ಸಿನ ಕಿಟಕಿಯಿಂದ ಈ ನಾಟಕದ ಪೋಸ್ಟರು ನೋಡುತ್ತಿದ್ದೇನೆ, ಊರವರ ಕಾಗದಗಳನ್ನೆಲ್ಲ ಒಡೆದು ಓದುವ ಅಂಚೆಯಾಕೆಯ ಕಥೆಯಂತೆ, ಮೊದಲ ದಿನ ಹೊಟ್ಟೆಯಲ್ಲಿ ಏನೋ ಆಯಿತು, ಹಸಿವೇನೋ ಅಂದುಕೊಂಡೆ, ಎರಡು ಬಾಳೆಹಣ್ಣು ತಿಂದೆ, ಅದು ಹೋಗಲಿಲ್ಲ, ಆಮೇಲೆ ತಿಳಿಯಿತು, ನೋಡಬೇಕು ಅನ್ನಿಸಿದೆ. ಹದಿನಾಲ್ಕು ತಿಂಗಳಲ್ಲಿ ನನಗೆ ಏನೂ ಬೇಕು ಅನ್ನಿಸಿರಲಿಲ್ಲ. ಸೋಪು ಮುಗಿದರೆ ಸೋಪು ಬೇಕು, ಅದು ಬೇರೆ. ಬೆಳಿಗ್ಗೆ ಅತ್ತೆಗೆ ಹೇಳುವಾಗ ದನಿ ಕಳ್ಳಿಯ ಹಾಗೆ ಸಣ್ಣದಾಯಿತು, ಅತ್ತೆ ಬಟ್ಟೆ ಮಡಚುತ್ತಿದ್ದರು, ತಲೆ ಎತ್ತಲಿಲ್ಲ, ಹೋಗ್ಬಾರೇ, ಇಬ್ರೂ ಒಬ್ರ ಮುಖ ಒಬ್ರು ನೋಡ್ಕೊಂಡು ಕೂತು ಕೂತು ಗೋಡೆಗೇ ಬೇಜಾರಾಗಿದೆ, ಅಂದರು. ಟಿಕೆಟ್ ಸಿಗ್ದೇ ಇರ್ಬಹುದು ಅತ್ತೆ. ಸಿಗ್ದಿದ್ರೆ ಬಾ, ಗೋಡೆ ಎಲ್ಲಿ ಓಡ್ಹೋಗುತ್ತೆ. ಮಗ ಹೋದ ಮೇಲೂ ಈ ಹೆಂಗಸು ತಮಾಷೆ ಮಾಡುತ್ತದೆ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತದೆ, ಎರಡೂ ನನಗೆ ಗೊತ್ತು, ಗೊತ್ತಿರುವುದು ಅವರಿಗೂ ಗೊತ್ತು.

ನಾಲ್ಕು ಗಂಟೆ. ಸಾಮಾನಿನವರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ, ಬಂದು ತಮ್ಮ ತಮ್ಮ ಸಾಮಾನಿನ ಮುಂದೆ ನಿಲ್ಲುತ್ತಾರೆ, ವಸ್ತುಗಳು ಮನುಷ್ಯರಾಗುತ್ತಿವೆ, ಹೆಲ್ಮೆಟ್ಟು ಹುಡುಗನಾಯಿತು, ಛತ್ರಿ ಕನಸುಗಣ್ಣಿನ ಹುಡುಗಿಯಾಯಿತು, ಬಾಟಲಿ ಗುಂಗುರು ಕೂದಲಿನವಳಾಗಿ ಓಡೋಡಿ ಬಂತು, ಅಬ್ಬ, ಇಲ್ಲೇ ಇದ್ಯಲ್ಲ, ಹಾರಿ ಹೋಗಿರುತ್ತೆ ಅನ್ಕೊಂಡೆ. ಮೂರು ಸಲ ಬಿತ್ತು, ನಿಲ್ಸಿದೀನಿ. ಥ್ಯಾಂಕ್ಸ್ ಅಕ್ಕ, ನೀವು ಇಲ್ಲೇ ಕೆಲ್ಸ ಮಾಡ್ತೀರಾ? ಇಲ್ಲಮ್ಮ, ನಾನೂ ಸ್ಟೂಡೆಂಟೇ. ಹೆಲ್ಮೆಟ್ಟಿನವನು ನಕ್ಕ, ಥೂ, ಅವರನ್ನ ವಾಚ್‌ಮನ್ ಮಾಡ್ಬಿಟ್ಯಲ್ಲೇ. ಅವಳು ನಾಲಿಗೆ ಕಚ್ಚಿಕೊಂಡಳು. ನನಗೇನೂ ಅನ್ನಿಸಲಿಲ್ಲ, ಮೂವತ್ತೊಂದು ವಯಸ್ಸು, ಅರ್ಧಕ್ಕೆ ಬಿಟ್ಟ ಪ್ರಬಂಧ, ಮತ್ತೆ ಸೇರಿಸಿಕೊಂಡ ವಿಭಾಗ, ಹೊಸ ಕಾರ್ಡು, ಹಾಗೆ ನೋಡಿದರೆ ಎರಡು ಗಂಟೆಯಿಂದ ಕಾವಲು ಕಾಯುತ್ತಿರುವುದೂ ನಿಜವೇ.

ನಾಲ್ಕೂ ಇಪ್ಪತ್ತು. ಹದಿನೈದು ಜನ ನಿಂತಿದ್ದಾರೆ. ಇಟ್ಟಿಗೆಯವರು ಬಂದಿಲ್ಲ. ಬಾರದಿದ್ದರೆ — ಹತ್ತು ನಿಮಿಷ, ಬಾರದಿದ್ದರೆ ಹದಿನಾರನೆಯದು ನನಗೆ, ಬಸ್ಸು ತಪ್ಪಲಿ, ಮೇಷ್ಟ್ರು ಹಿಡಿದು ಕೂರಿಸಿಕೊಳ್ಳಲಿ, ಮರೆತು ನಿದ್ದೆ ಮಾಡುತ್ತಿರಲಿ, ಬೀದಿಯ ತುದಿಯಲ್ಲಿ ಯಾರಾದರೂ ಅವಸರದಲ್ಲಿ ಬಂದರೆ, ಆ ಕಡೆ ತಿರುಗಪ್ಪ, ಅವನು ತಿರುಗುತ್ತಾನೆ, ಒಳಗೊಳಗೇ ಖುಷಿ, ಎಷ್ಟು ಸಣ್ಣ ಬುದ್ಧಿ ನನ್ನದು, ಸಣ್ಣ ಬುದ್ಧಿಯಾದರೂ ವಾಪಸು ಬಂತಲ್ಲ, ಬರಬೇಡ, ಬರಬೇಡ, ಬರಬೇಡ — ಮತ್ತು ಅಲ್ಲಿಗೆ ನಿಂತೆ. ಅವತ್ತು ಇದೇ ಹೊತ್ತಿಗೆ ಬಾಲ್ಕನಿಯಲ್ಲಿ ನಿಂತು ಇದರ ಉಲ್ಟಾ ಮಾತು ಹೇಳುತ್ತಿದ್ದೆ. ಹತ್ತೇ ನಿಮಿಷ, ಬಂದೆ, ಅಂತ ಗಂಡನ ಮೆಸೇಜು, ಬೀದಿಯ ತುದಿಯಲ್ಲಿ ಬರುವ ಪ್ರತಿ ಬೈಕೂ ಅವನದೇ ಅನ್ನಿಸಿ ಅಲ್ಲ ಅನ್ನಿಸಿ, ಕೊನೆಗೆ ಅವನ ನಂಬರಿನಿಂದ ಬೇರೆ ಯಾರದೋ ದನಿ. ಯಾರೂ ಬಾರದೇ ಇರಲಿ ಅಂತ ತಮಾಷೆಗೂ ಬಯಸಬಾರದು. ಬಾ ಮಾರಾಯ. ಹುಡುಗನೋ ಹುಡುಗಿಯೋ, ನೆಟ್ಟಗೆ ನಡೆದುಕೊಂಡು ಬಂದು ನಿನ್ನ ಇಟ್ಟಿಗೆಯ ಮುಂದೆ ನಿಲ್ಲು, ಟಿಕೆಟ್ಟು ನೀನೇ ತಗೋ, ನಾನು ಮನೆಗೆ ಹೋಗಿ ಗೋಡೆ ನೋಡುತ್ತೇನೆ. ನಿಜವಾಗಿ ಹೇಳಿದೆ ಇದನ್ನು. ಬೀದಿಯ ಕಡೆಯೇ ನೋಡುತ್ತಿದ್ದೆ.

ಕಿಟಕಿ ತೆರೆಯಿತು, ಸಾಲು ಅಲುಗಿತು, ರಂಗಮಂದಿರದ ಕಾವಲಿನ ತಾತ ಪಕ್ಕದ ದೊಡ್ಡ ಬಾಗಿಲನ್ನು ತಳ್ಳಿ, ಸೊಂಟ ಹಿಡಿದುಕೊಂಡು ಬಂದು, ಬಗ್ಗಿ, ಇಟ್ಟಿಗೆಯನ್ನು ಎತ್ತಿಕೊಂಡ. ತಾತ, ಅದು ಯಾರ್ದೋ ಜಾಗ, ಅಂದೆ. ಯಾರ್ದೋ ಯಾಕಮ್ಮ, ನಂದು, ಬಾಗ್ಲಿಗೆ ಒತ್ತು ಕೊಡೋ ಇಟ್ಟಿಗೆ, ಐದು ವರ್ಷದಿಂದ ಇಲ್ಲೇ ಇರುತ್ತೆ. ಅವನು ನನ್ನ ಊಟದ ಚೀಲ ನೋಡಿದ. ಮಧ್ಯಾಹ್ನದಿಂದ ಇದ್ರ ಹಿಂದೆ ನಿಂತಿದ್ಯಾ? ಹೂಂ. ಇದಕ್ಕೆ ಟಿಕೆಟ್ ಕೊಡಲ್ಲ ತಾಯಿ, ಕಾರ್ಡಿಲ್ಲ. ಗುಂಗುರು ಕೂದಲಿನವಳು ಗೋಡೆಗೆ ಒರಗಿಕೊಂಡು ನಗುತ್ತಿದ್ದಾಳೆ, ಹೆಲ್ಮೆಟ್ಟು ನಗುತ್ತಿದೆ, ನನ್ನ ಗಂಟಲಿನಿಂದಲೂ ಒಂದು ಶಬ್ದ ಹೊರಟಿತು, ಕೆಮ್ಮಿನ ಹಾಗೆ, ಆಮೇಲೆ ನಿಲ್ಲಲೇ ಇಲ್ಲ, ಕಣ್ಣಲ್ಲಿ ನೀರು, ಹೊಟ್ಟೆ ಹಿಡಿದುಕೊಂಡೆ. ಯಾರೂ ಬರಬೇಕಾಗಿರಲಿಲ್ಲ. ಯಾರಿಗೂ ಏನೂ ಆಗಿರಲಿಲ್ಲ. ಹದಿನಾರನೆಯವಳು ಮೊದಲಿಂದಲೂ ನಾನೇ.

ಕಿಟಕಿಯಾಕೆ ಕಾರ್ಡು ನೋಡಿದಳು, ನನ್ನನ್ನು ನೋಡಿದಳು, ಫೋಟೋದಲ್ಲಿ ಇಷ್ಟೊಂದು ಸಿಟ್ಟು ಯಾಕ್ರೀ, ಓ, ಪಿಎಚ್‌ಡಿನಾ, ಹಾಗಾದ್ರೆ ಸರಿ. ಕೊನೇದಿದು, ತೀರಾ ಪಕ್ಕದ ಸೀಟು, ಅರ್ಧ ಸ್ಟೇಜ್ ಕಾಣಲ್ಲ, ಆಗ್ಬಹುದಾ? ಆಗ್ಬಹುದು. ಅತ್ತೆಗೆ ಫೋನು ಮಾಡಿದೆ, ಸಿಕ್ತು. ಸಿಕ್ತಾ, ಸದ್ಯ, ಟಿವಿ ಜೋರಾಗಿಟ್ಕೋತೀನಿ, ನೀನಿದ್ರೆ ಓದ್ತಾಳೆ ಅಂತ ಬಾಯಿ ಮುಚ್ಚಿಸಿಡ್ಬೇಕು ಅದನ್ನ. ಚೀಲದಲ್ಲಿದ್ದ ಊಟ ಮೆಟ್ಟಿಲ ಮೇಲೆ ಕೂತು ಉಂಡೆ, ಪೂರ್ತಿ ಉಂಡೆ.

ಅರ್ಧ ಕಾಣುವುದಿಲ್ಲ, ನಿಜ. ಅಂಚೆ ಕಚೇರಿಯ ಮೇಜಿನ ಒಂದೇ ತುದಿ ಕಾಣುತ್ತದೆ, ಆದರೆ ಈ ಮೂಲೆಯಿಂದ ಬೇರೆಯವರಿಗೆ ಕಾಣದ್ದು ಕಾಣುತ್ತದೆ, ಪಕ್ಕದ ಕಪ್ಪು ಪರದೆಯ ಒಳಗು, ಅಲ್ಲಿ ಒಂದು ಸ್ಟೂಲು, ಸ್ಟೂಲಿನ ಪಕ್ಕ ಅಂಚೆಯಾಕೆಯ ಪಾತ್ರದವಳು ಕಾಯುತ್ತಿದ್ದಾಳೆ, ದಪ್ಪ ಗಾಜಿನ ಕನ್ನಡಕ, ತನ್ನ ಸರದಿ ಬಂದಾಗ ಅದನ್ನು ತೆಗೆದು ಸ್ಟೂಲಿನ ಮೇಲಿಟ್ಟು, ಒಂದು ಕ್ಷಣ ಎರಡೂ ಕಣ್ಣು ಕಿರಿದಾಗಿಸಿ, ಬೆಳಕಿಗೆ ಕಾಲಿಡುತ್ತಾಳೆ. ಅವಳಿಗೆ ಏನೂ ಕಾಣುತ್ತಿಲ್ಲ. ಒಂದಕ್ಷರ ಕಾಣದವಳು ಊರವರ ಕಾಗದಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ, ಜನ ಬಿದ್ದು ಬಿದ್ದು ನಗುತ್ತಾರೆ, ನಾನೂ — ಅವನಾಗಿದ್ದರೆ ಈ ಹೊತ್ತಿಗೆ ನನ್ನ ಹೆಗಲ ಮೇಲೆ ಗೊರಕೆ, ನಾವು ಸೇರಿ ನೋಡಿದ ಒಂದೇ ಒಂದು ನಾಟಕ, ಪೂರ್ತಿ ನಿದ್ದೆ, ಕೊನೆಗೆ ಎಚ್ಚೆತ್ತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದು, ಅದ್ಭುತ ಕಣೇ, ಅಂದಿದ್ದ — ಅವಳು ಒಳಗೆ ಬಂದಳು, ತಡಕಿ ಕನ್ನಡಕ ಹಾಕಿಕೊಂಡಳು, ಬೆವರು ಒರೆಸಿಕೊಂಡಳು, ಮತ್ತೆ ತೆಗೆದಿಟ್ಟು ಹೊರಟಳು, ಎಡವುವುದಿಲ್ಲ, ಮೇಜಿನ ಮೂಲೆ ತಾಗುವುದಿಲ್ಲ. ಕೊನೆಯ ದೃಶ್ಯಕ್ಕೆ ಆ ಕಡೆಯ ಪರದೆಯೊಳಗೆ ಹೋಗಿಬಿಟ್ಟಳು, ಕನ್ನಡಕ ಈ ಕಡೆಯೇ ಉಳಿಯಿತು, ಅಯ್ಯೋ, ನಿನ್ನ ಕನ್ನಡಕ, ನಾಲಿಗೆಯ ತುದಿಗೆ ಬಂತು, ಅಷ್ಟರಲ್ಲಿ ಆ ಕಡೆಯಿಂದಲೇ ಬಂದಳು, ಹಾಗೆಯೇ, ಕಣ್ಣು ಕಿರಿದಾಗಿಸಿ, ಎಲ್ಲೋ ನೋಡಿ ನಕ್ಕಳು, ಸಭೆ ಎಲ್ಲ ಅವಳನ್ನು ನೋಡುತ್ತಿದೆ, ನಾನೊಬ್ಬಳು ಈ ಕಡೆ, ಮಧ್ಯಾಹ್ನದ ಬಾಟಲಿಯ ಹಾಗೆ ಇದನ್ನೂ ಕಾಯುತ್ತ, ಕತ್ತಲೆಯಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಕನ್ನಡಕ, ಕಡ್ಡಿ ಮಡಿಸಿಲ್ಲ, ಎರಡೂ ಗಾಜಿನಲ್ಲಿ ವೇದಿಕೆಯ ಬೆಳಕು, ಸ್ಟೂಲಿನ ಮೇಲೆ ಕನ್ನಡಕ