ಮೆಟ್ಟಿಲ ಕೆಳಗಿನ ಮಣೆ

"ಸಾವಕಾಶ ಇಳಸ್ರಿ," ಎನ್ನುತ್ತ ದತ್ತು ಪೆಟ್ಟಿಗೆಯ ತಲೆಭಾಗವನ್ನು ಮುಂದಿನ ಸ್ಟೂಲಿನ ಮೇಲಿಟ್ಟು, ಕಾಲಿನ ಕಡೆ ಹಿಡಿದವರಿಗೆ ಸನ್ನೆ ಮಾಡಿದ. ಲಿಂಗರಾಜಪುರದ ಆ ಚಿಕ್ಕ ಚರ್ಚಿಗೆ ಜಟ್ಟೆಮ್ಮ ಕೊನೆಯ ಸಲ ಬಂದಿದ್ದಳು. ತಲೆ ಪೀಠದ ಕಡೆ, ಕಾಲು ಬಾಗಿಲ ಕಡೆ, ಮುಖ ಜನರ ಕಡೆ.

ಸಭೆಯ ಹಿರಿಯರಾದ ಜ್ಞಾನಮಿತ್ರರು ಕಂಡದ್ದೇ ತಡ, ಧಾವಿಸಿ ಬಂದರು.

"ತಿರುಗಿಸಪ್ಪಾ. ಮುಖ ಪೀಠದ ಕಡೆ ಇರ್ಬೇಕು. ಹೀಗಿಡೋದು ಪಾದ್ರಿ ಅಯ್ಯನವರು ತೀರ್ಕೊಂಡ್ರೆ ಮಾತ್ರ."

ದತ್ತು ಜಟ್ಟೆಮ್ಮನ ಪಕ್ಕದ ಬಾಡಿಗೆ ಕೋಣೆಯವನು, ಹಣೆಯ ಮೇಲೆ ವಿಭೂತಿ. ಇಲ್ಲಿಯ ಕಟ್ಟಳೆ ಅವನಿಗೇನು ಗೊತ್ತು? ಭಾನುವಾರ ಮುದುಕಿಯನ್ನು ಆಟೋದಲ್ಲಿ ಕರೆದೊಯ್ಯಲು ಬಂದಾಗಲೆಲ್ಲ ಬಾಗಿಲಿನಿಂದ ಅವನಿಗೆ ಕಂಡದ್ದು ಅವಳ ಮುಖವೇ. ಹಾಗಾಗಿ ಹಾಗೇ ಇಟ್ಟಿದ್ದ.

ಮಗಳು ಜಯಮಾಲಾಗೆ ಮಾತ್ರ ಕಟ್ಟಳೆ ಚೆನ್ನಾಗಿ ಗೊತ್ತಿತ್ತು. ತಾಯಿಯನ್ನು ಹೀಗೇ ಮಲಗಿಸಿ ಎಂದು ಕೇಳಲು ಬೆಳಗಿನಿಂದ ಬಾಯಿ ಬಂದಿರಲಿಲ್ಲ. ಕೇಳದೆಯೇ ದಕ್ಕಿದ್ದು ಈಗ ಕೈತಪ್ಪುವುದರಲ್ಲಿತ್ತು.

*

ಹುಮನಾಬಾದ್ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರಿಗೆಂದು ಬೆಳಗಿನ ಆರಾಧನೆ ಶುರುವಾಗಿತ್ತು. ಅಯ್ಯನವರಿಗೆ ಮೂರು ಸಭೆಗಳ ಹೊಣೆ. ತಿಂಗಳಿಗೊಮ್ಮೆ ರೊಟ್ಟಿ, ದ್ರಾಕ್ಷಾರಸ ಕೊಡಲು ಬರುವರು. ಉಳಿದ ವಾರಗಳಲ್ಲಿ ವಾಕ್ಯ ಓದಿ, ಪ್ರಾರ್ಥಿಸಿ, ಬೋಧಿಸುತ್ತಿದ್ದವಳು ಫ್ರೇಜರ್ ಟೌನಿನ ಮನೆಗಳಲ್ಲಿ ಪಾತ್ರೆ ತೊಳೆಯುವ ಜಟ್ಟೆಮ್ಮ.

ಹೆಂಗಸು ಪೀಠದ ಮೆಟ್ಟಿಲು ಹತ್ತುವಂತಿಲ್ಲ ಎಂದು ಜ್ಞಾನಮಿತ್ರರು ಮೊದಲ ವಾರವೇ ಎಚ್ಚರಿಸಿದ್ದರು. ಅವಳೋ ಕುಳ್ಳಿ. ಕೆಳಗೆ ನಿಂತರೆ ಹಿಂದಿನವರಿಗೆ ಕಾಣುವುದು ತಲೆಯ ಮೇಲಿನ ಸೆರಗಷ್ಟೇ. ಆದರೆ ಇವರು ಚಾಪೆ ಕೆಳಗೆ ತೂರಿದರೆ ಆಕೆ ರಂಗೋಲಿ ಕೆಳಗೆ ತೂರುವವಳು. ಮರುವಾರ ತಾನು ಕೂತು ರೊಟ್ಟಿ ಬಡಿಯುವ ಎತ್ತರದ ಮಣೆ ಹೊತ್ತು ತಂದು, ಮೆಟ್ಟಿಲಿಗೆ ಒತ್ತಿ ಇಟ್ಟು, ಅದರ ಮೇಲೆ ನಿಂತಳು.

"ಮೆಟ್ಟಲ ಹತ್ತಬ್ಯಾಡಂದ್ರಿ, ಹತ್ತಿಲ್ರಿ," ಅಂದಳು. ಮಣೆಯ ಬಗ್ಗೆ ಯಾವ ನಿಯಮವೂ ಇರಲಿಲ್ಲ. ಮಣೆ ಚರ್ಚಿನಲ್ಲೇ ಉಳಿಯಿತು.

ಹಿಂದಿನ ಅಯ್ಯನವರು ತೀರಿಕೊಂಡಾಗ ಅವರನ್ನು ಜನರಿಗೆ ಮುಖ ಮಾಡಿ ಮಲಗಿಸಿದ್ದರು. ಕುರುಬ ಸತ್ತ ಮೇಲೂ ಹಿಂಡಿಗೆ ಬೆನ್ನು ತೋರಿಸಬಾರದಂತೆ. ಅಂದು ಮನೆಗೆ ನಡೆಯುತ್ತ ಜಟ್ಟೆಮ್ಮ ಮಗಳಿಗೆ, "ನಂಗೂ ಹಂಗೇ ಮಲಗಸ್ರಿ, ಜಯಾ. ಮಂದೀ ಮಾರಿ ಕಾಣಬೇಕು," ಎಂದು ನಕ್ಕಿದ್ದಳು. ನಕ್ಕಿದ್ದೇನೋ ನಿಜ, ತಮಾಷೆಗಲ್ಲ ಎಂದು ಜಯಮಾಲಾಗೆ ಗೊತ್ತಿತ್ತು.

*

ದತ್ತು ಮತ್ತೆ ಪೆಟ್ಟಿಗೆಗೆ ಕೈಹಾಕಿದ. ಜಯಮಾಲಾ ಅದರ ಅಂಚು ಹಿಡಿದುಕೊಂಡಳು.

"ತಿರುಗಿಸಬ್ಯಾಡ್ರಿ."

"ಅಯ್ಯನವರು ಬಂದ್ರೆ ನನ್ನನ್ನ ಕೇಳ್ತಾರಮ್ಮ. ಒಂದು ಕ್ರಮ ಅಂತ ಇರುತ್ತಲ್ಲ," ಎಂದರು ಜ್ಞಾನಮಿತ್ರರು. ಅಯ್ಯನವರು, ಎಂದಿನಂತೆ, ಹೆಣ್ಣೂರು ರಸ್ತೆಯ ಟ್ರಾಫಿಕ್ಕಿನಲ್ಲಿದ್ದರು.

"ಇಷ್ಟು ವರ್ಷದಾಗ, ಈ ಜಾಗದಾಗ, ಒಂದಿನಾರ ನಮ್ಮವ್ವನ ಬೆನ್ನು ನೋಡೀರೇನ್ರಿ ಅಂಕಲ್?"

ಕೇಳಿದ ಮೇಲೆ ಅವಳಿಗೆ ತಾಯಿಯ ಶವದ ಮುಂದೆ ವಾದಕ್ಕಿಳಿದೆನಲ್ಲ ಎಂದು ನಾಚಿಕೆಯಾಯಿತು. ಆದರೂ ಅಂಚು ಬಿಡಲಿಲ್ಲ.

ಜ್ಞಾನಮಿತ್ರರು ಹಿಂದಕ್ಕೆ ನಡೆದು ಕಡೆಯ ಸಾಲಿನ ತಮ್ಮ ಜಾಗದಲ್ಲಿ ಕುಳಿತರು. ಅಲ್ಲಿಂದ ಕತ್ತು ಚಾಚಿ ನೋಡಿದರು, ಆಚೀಚೆ ವಾಲಿ ನೋಡಿದರು. ಆಮೇಲೆ ಎದ್ದು ಪಕ್ಕದ ಕೋಣೆಗೆ ಹೋದರು. ಅಯ್ಯನವರಿಗೆ ಫೋನು ಮಾಡಲು ಹೋದರು, ಎಲ್ಲ ಮುಗಿಯಿತು ಎಂದುಕೊಂಡಳು ಜಯಮಾಲಾ.

ಹೊರಬಂದಾಗ ಅವರ ಕಂಕುಳಲ್ಲಿ ಮಣೆ ಇತ್ತು. ಎರಡು ಪಾದ ಊರುವಷ್ಟು ಜಾಗ ಸವೆದು ನುಣುಪಾಗಿತ್ತು.

"ತಲೆ ಕಡೆ ಸ್ವಲ್ಪ ಎತ್ತಪ್ಪ," ಎಂದರು ದತ್ತುವಿಗೆ. "ಹಿಂದಿನವ್ರಿಗೆ ಕಾಣ್ತಾ ಇಲ್ಲ."

ದತ್ತು, ಜಯಮಾಲಾ ಇಬ್ಬರೂ ಎತ್ತಿ ಹಿಡಿದರು. ಜ್ಞಾನಮಿತ್ರರು ಬಗ್ಗಿ ಸ್ಟೂಲಿನ ಮೇಲೆ, ಪೆಟ್ಟಿಗೆಯ ಅಡಿಗೆ, ಮಣೆಯನ್ನು ಸರಿಸಿದರು. ಕಡೆಯ ಸಾಲಿನ ಹೆಂಗಸರು ಮಾತು ನಿಲ್ಲಿಸಿ, ಮಕ್ಕಳನ್ನು ಸುಮ್ಮನಿರಿಸಿ, ಭಾನುವಾರದ ರೂಢಿಯಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಟ್ಟಗೆ ಕೂತರು.