ಗೋದಲಿಯ ಹುಲ್ಲು

ಆ ಚರ್ಚಿನ ಕ್ರಿಸ್‌ಮಸ್ ನಾಟಕದಲ್ಲಿ ಬಾಲಯೇಸುವಿನ ಬದಲು ಗೊಂಬೆ ಇಡುವ ರೂಢಿ ಇರಲಿಲ್ಲ. ಆ ವರ್ಷ ಹುಟ್ಟಿದ ಕೂಸೊಂದನ್ನೇ ಗೋದಲಿಯ, ಅಂದರೆ ದನದ ಮೇವಿನ ತೊಟ್ಟಿಯ, ಹುಲ್ಲಿನ ಮೇಲೆ ಮಲಗಿಸುತ್ತಿದ್ದರು. ದೇವರು ಮನುಷ್ಯನಾಗಿ ಬಂದ ಎನ್ನುವುದನ್ನು ಗೊಂಬೆ ತೋರಿಸಲಾರದು, ಅಳುವ, ಉಚ್ಚೆ ಹೊಯ್ಯುವ ಕೂಸೇ ಬೇಕು ಎಂದು ಹಿಂದೆ ಯಾರೋ ಪಾದ್ರಿ ಹೇಳಿಹೋಗಿದ್ದರಂತೆ. ಯಾವ ಕೂಸು ಎಂದು ತೀರ್ಮಾನಿಸುವವಳು ನಾಟಕ ಆಡಿಸುವ ಹೆಂಗಸು. ಎಲ್ಲರಿಗೂ ಆಕೆ ಡೈರೆಕ್ಟರಮ್ಮ. ಬಟ್ಟೆ ಹೊಲಿದುಕೊಡುವ ಸೊಸೆಗೆ ಮಾತ್ರ ಅತ್ತೆ.

ಈ ವರ್ಷ ಆಕೆಯ ಮನೆಯಲ್ಲೇ ಎರಡು ಕೂಸು. ಮಗಳದು ಗುಂಡುಗುಂಡಗಿನ ಗಂಡು. ಸೊಸೆಯದು ಹೆಣ್ಣು, ಸೀಳುತುಟಿ. ಇನ್ನಷ್ಟು ತೂಕ ಬರಲಿ, ಆಮೇಲೆ ಸರಿಮಾಡೋಣ ಎಂದಿದ್ದರು ಡಾಕ್ಟರು. ಅಲ್ಲಿಯವರೆಗೆ ಮನೆಯಿಂದ ಹೊರಗೆ ಒಯ್ಯುವಾಗಲೆಲ್ಲ ಅದರ ಮುಖದ ಮೇಲೆ ಟವೆಲು. ಅದು ಅತ್ತೆಯ ಕಟ್ಟಳೆ. ಒಂದೇ ಒಂದು ಸಲ ಎಲ್ಲರೂ ಆ ಮುಖ ನೋಡಿ ಕೈಮುಗಿದರೆ ಸಾಕು, ಆಮೇಲೆ ಟವೆಲಿನ ಗೊಡವೆಯೇ ಇರುವುದಿಲ್ಲ ಎಂದುಕೊಂಡಿದ್ದಳು ಸೊಸೆ. ಧೈರ್ಯ ಮಾಡಿ ಕೇಳಿಯೂ ಬಿಟ್ಟಳು.

"ಅದನ್ನ ಮಲಗಿಸಿದ್ರೆ ಕುರುಬರು ಕುರಿ ಬಿಟ್ಟು ಓಡ್ತಾರೆ" ಎಂದಳು ಅತ್ತೆ. ನಾದಿನಿ ಕಿಸಕ್ಕನೆ ನಕ್ಕಳು. ಅತ್ತೆ ಅವಳ ಕಡೆ ಕೈತೋರಿಸಿದಳು. "ಮುಖ ಊದಿಸ್ಕೋಬೇಡಮ್ಮ. ನೀನು ಲಕ್ಷಣವಾಗಿದ್ದೀಯ, ನೀನೇ ಯೇಸುವಿನ ತಾಯಿ ಮರಿಯ ಆಗು. ಇವಳ ಮಗೂನ ಎತ್ಕೋ. ತಾಯಿನೂ ನಮ್ಮನೇದೇ, ಮಗೂನೂ ನಮ್ಮನೇದೇ. ಇನ್ನೇನು ಬೇಕು?"

ಮರಿಯಳ ನೀಲಿ ಉಡುಪನ್ನೂ ಅವಳೇ ಹೊಲಿಯಬೇಕಾಯಿತು.

"ಸ್ಯಾಟಿನ್ ಬೇಡ ಅತ್ತೆ. ಒಂದು ಹನಿ ಬಿದ್ರೂ ಕಪ್ಪಗೆ ಕಾಣತ್ತೆ."

"ಮರಿಯ ಏನು ಸ್ಟೇಜ್ ಮೇಲೆ ಪಾತ್ರೆ ತೊಳೀತಾಳಾ? ಹೊಳೀಬೇಕು."

ಗಂಡನ ಮುಂದೆ ಅತ್ತಾಗ ಅವನು ಅವಳ ತಲೆ ನೇವರಿಸಿದ. ನಾಟಕದ ಪರದೆ ಎಳೆಯುವವನು ಅವನೇ. "ಅಮ್ಮನ ಹತ್ರ ವಾದ ಮಾಡಿ ಪ್ರಯೋಜನ ಇಲ್ಲ. ಕೊನೇ ಗಳಿಗೇಲಿ ನಮ್ಮ ಮಗೂನ ತಂದು ಮಲಗಿಸಿಬಿಡು. ಹಗ್ಗ ಇರೋದು ನನ್ನ ಕೈಲಿ ತಾನೇ? ಯಾರು ಏನ್ ಮಾಡ್ತಾರೆ?"

ಆ ಮಾತನ್ನು ಅವಳು ಗಂಟು ಹಾಕಿ ಇಟ್ಟುಕೊಂಡಳು.

ನಾಟಕದ ಸಂಜೆ ಹಾಲ್ ತುಂಬಿತ್ತು. ಛತ್ರದವನಾಗಿದ್ದ ಕ್ಷೌರಿಕ "ಜಾಗ ಇಲ್ಲ, ಮುಂದಕ್ಕೆ ಹೋಗಿ" ಎಂಬ ತನ್ನ ಒಂದೇ ಮಾತನ್ನು, ನಗು ಬಂತೆಂದು, ಎರಡು ಸಲ ಹೇಳಿದ. ಮರಿಯಳ ಗಂಡ, ಬಡಗಿ ಯೋಸೇಫನಾಗಿದ್ದವನು ನಿಜಕ್ಕೂ ಬಡಗಿಯೇ. ಗೋದಲಿಯ ಕಾಲು ಅಲ್ಲಾಡಿದ್ದು ನೋಡಿ ಅಲ್ಲೇ ಸರಿಮಾಡತೊಡಗಿದ. ಮರಿಯ ನಾದಿನಿಯ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅದು ಗೊರಕೆ ಹೊಡೆಯುತ್ತಿತ್ತು.

ಆಗ ಒಳಗಿನಿಂದ ಅವಳ ಮಗಳ ಅಳು ಕೇಳಿತು. ನಡುವೆ ಕೆಮ್ಮು, ಮತ್ತೆ ಅಳು. ಅದನ್ನು ನೋಡಿಕೊಳ್ಳಲು ಉಳಿದಿದ್ದ ನಾದಿನಿ ಬಾಟಲಿ ತುರುಕುತ್ತಿದ್ದಾಳೆ ಎಂದು ಗೊತ್ತಾಯಿತು. ತುಟಿಯ ಸೀಳಿನ ಮೇಲೆ ಬೆರಳಿಟ್ಟು ಮುಚ್ಚಿದರೆ ಮಾತ್ರ ಆ ಮಗು ನೆಟ್ಟಗೆ ಕುಡಿಯುವುದು. ನಾದಿನಿ ಆ ತುಟಿಯನ್ನು ಮುಟ್ಟಿದವಳೇ ಅಲ್ಲ.

ಹಾಲು ಇಳಿಯಲು ಬುದ್ಧಿಯ ಅಪ್ಪಣೆ ಬೇಕಿಲ್ಲ. ಅಳು ಕಿವಿಗೆ ಬಿದ್ದರೆ ಮೈ ತನ್ನ ಕೆಲಸ ತಾನು ಮಾಡುತ್ತದೆ. ನೀಲಿ ಸ್ಯಾಟಿನ್ನಿನ ಮೇಲೆ ಎರಡು ಕಪ್ಪು ಮಚ್ಚೆಗಳು ಮೂಡಿ ಹರಡತೊಡಗಿದವು.

"ಲೋ, ಮರಿಯ ಸೋರ್ತಿದಾಳೆ!" ಎಂದಿತು ಹಿಂದಿನ ಸಾಲಿನ ಒಂದು ಗಂಟಲು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಯಾರೋ ಸಿಳ್ಳೆ ಹಾಕಿದರು.

ಅವಳು ಎದ್ದಳು. ತೊಡೆಯ ಮೇಲಿದ್ದ ಕೂಸನ್ನು ಬಡಗಿಯ ಕೈಗೆ ಕೊಟ್ಟು, ಒಳಗೆ ಹೋಗಿ ಮಗಳನ್ನು ಕಸಿದುಕೊಂಡು ಬಂದಳು. ಹುಲ್ಲಿನ ಮೇಲೆ ಮಲಗಿಸಿ ಟವೆಲು ತೆಗೆದಳು.

ನಗು ನಿಂತಿತು. ಕುರುಬರಲ್ಲೊಬ್ಬ ಅಭ್ಯಾಸಬಲದಿಂದ ಮಂಡಿಯೂರಿ ಕೈಮುಗಿದ. ರೆಕ್ಕೆ ಕಟ್ಟಿಕೊಂಡ ಪುಟ್ಟ ಹುಡುಗಿ ಬಗ್ಗಿ ನೋಡಿ, "ಪಾಪುಗೆ ಗಾಯ ಆಗಿದ್ಯಾ ಆಂಟಿ?" ಎಂದಳು. ಹೇಳಲು ಇವಳು ಬಾಯಿ ತೆರೆಯುವಷ್ಟರಲ್ಲಿ ಪರದೆ ಎರಡೂ ಕಡೆಯಿಂದ ಓಡಿಬಂದು ಮುಚ್ಚಿಕೊಂಡಿತು.

ಗಂಡನ ಕೈಯಲ್ಲಿ ಹಗ್ಗ ಇನ್ನೂ ಬಿಗಿಯಾಗಿತ್ತು. ಅವನ ಬೆನ್ನ ಹಿಂದೆ ಅವನ ತಾಯಿ.

"ಜನ ನಿನ್ನ ಬಟ್ಟೆ ನೋಡಿ ನಗ್ತಿದ್ರು ಕಣೇ. ನಿನ್ನ ಮಾನ ಉಳ್ಸೋಕೇ ಎಳೆದೆ" ಎಂದ ಗಂಡ.

"ನಗು ನಿಂತಿತ್ತು" ಎಂದಳು ಅವಳು. "ಇವಳನ್ನ ಮಲಗಿಸಿದ ಮೇಲೆ ಯಾರೂ ನಗಲಿಲ್ಲ. ಆಮೇಲೆ ಎಳೆದ್ರಿ ನೀವು."

ಅವನು ಹಗ್ಗದ ತುದಿಯನ್ನು ಗೂಟಕ್ಕೆ ಸುತ್ತತೊಡಗಿದ, ಅದೇ ದೊಡ್ಡ ಕೆಲಸವೆಂಬಂತೆ.

ಅತ್ತೆಗೆ ಮಾತಿಗೆ ಪುರುಸೊತ್ತಿರಲಿಲ್ಲ. ಸೊಸೆಯ ತಲೆಯಿಂದ ನೀಲಿ ಮುಸುಕನ್ನು ಪಿನ್ನಿನ ಸಮೇತ ಎಳೆದು, ಹಿಂದೆಯೇ ಓಡಿಬಂದಿದ್ದ ತನ್ನ ಮಗಳಿಗೆ ಹೊದಿಸಿದಳು. "ನೀನೇ ಕೂತ್ಕೋ. ಬೇಗ." ಆಮೇಲೆ ಗೋದಲಿಯ ಬಳಿಯಿದ್ದ ಸೊಸೆಯ ಕಡೆ ತಿರುಗಿದಳು. "ನಿನ್ನ ಮಗೂನ ಎತ್ಕೋ ನೀನು. ಲೋ ಕುರುಬರಾ, ಆ ಹುಲ್ಲು ತೆಗೆದು ಬೇರೆ ಹಾಕ್ರೋ."

ಮಂಡಿಯೂರಿದ್ದವನೇ ಎದ್ದು ಹುಲ್ಲು ಬದಲಾಯಿಸಿದ. ಬಡಗಿ ನಾದಿನಿಯ ಕೂಸನ್ನು ಅದರ ಮೇಲೆ ಮಲಗಿಸಿದ.

ಅವಳು ಮಗಳನ್ನು ಎತ್ತಿಕೊಂಡು, ಬಣ್ಣ ಬಳಿದ ಹಲಗೆಯ ಕುರಿಗಳ ಹಿಂದೆ ನೆಲದ ಮೇಲೆ ಕೂತಳು. ತುಟಿಯ ಸೀಳಿಗೆ ಬೆರಳು ಒತ್ತಿ ಹಿಡಿದಳು. ಮಗು ಗಟಗಟನೆ ಕುಡಿಯತೊಡಗಿತು. ಪರದೆಯ ಬಳೆಗಳು ಸರ್ರನೆ ಸರಿದವು. ಹಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟಂತಾಗಿ, "ಅಬ್ಬಾ, ಎಷ್ಟು ಮುದ್ದಾಗಿದೆ!" ಎಂದು ಯಾರೋ ಅಂದರು. ಜೋರಾಗಿ ಚಪ್ಪಾಳೆ ಬಿತ್ತು.

ಸದ್ದಿಗೆ ಮಗು ಬೆಚ್ಚಿ ಬಾಯಿ ಬಿಟ್ಟಿತು. ಅವಳು ಟವೆಲಿಗಾಗಿ ತಡಕಾಡಿದಳು. ಅದು ಆಚೆ ಗೋದಲಿಯ ಬಳಿಯೇ ಉಳಿದಿತ್ತು.